ಕತ್ತರಿಸಿದ ಅಂಕಿತ

ನನ್ನ ತಂಗಿ ಶಕೀಬಾಳ ಸಮಾಧಿಯ ಕಲ್ಲಿನ ಮೇಲೆ ‘ಗೌಸುದ್ದೀನನ ಹೆಂಡತಿ’ ಎಂದಷ್ಟೇ ಕೆತ್ತಿದ್ದಾರೆ. ಹೆರಾತಿನ ನಮ್ಮ ಮನೆತನಗಳಲ್ಲಿ ಹೆಂಗಸಿನ ಹೆಸರು ಕಲ್ಲಿಗೂ ಏರುವುದಿಲ್ಲ, ಮದುವೆಯ ಕರೆಯೋಲೆಗೂ ಏರುವುದಿಲ್ಲ. ಹಾಳಾಗಿ ಹೋಗಲಿ, ಅವಳ ಗಜಲುಗಳ ಕೊನೆಯಲ್ಲಿ ‘ಇಸ್ಪಂದ್’ ಎಂಬ ಅಂಕಿತವಿದೆಯಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಂಡಿದ್ದೆ. ಅವಳು ರೇಡಿಯೊದಲ್ಲಿ ಓದುತ್ತಿದ್ದ ಕಾಲದಿಂದಲೂ ಊರಿಗೆಲ್ಲ ಗೊತ್ತಿದ್ದ ಹೆಸರು ಅದು.

ಅವಳು ತೀರಿಕೊಂಡ ನಲವತ್ತನೆಯ ದಿನ, ಹಲ್ವಾ ಹಂಚುವುದು ಇನ್ನೂ ಮುಗಿದಿರಲಿಲ್ಲ, ತಾಲಿಬಾನಿನವರು ಪಕ್ಕದ ಓಣಿಯಲ್ಲಿ ಮನೆ ಮನೆ ಜಾಲಾಡುತ್ತಿದ್ದಾರೆಂಬ ಸುದ್ದಿ ಬಂತು. ರೇಡಿಯೊ ಬಿಟ್ಟ ಮೇಲೆ ಅವಳು ಬರೆದ, ಹೊರಗಿನವರಾರೂ ಕೇಳದ ಗಜಲುಗಳ ನೋಟುಪುಸ್ತಕ ಹಿಡಿದು ಗೌಸುದ್ದೀನ್ ತಂದೂರಿನ ಕಡೆ ಹೊರಟ.

“ಕೊಡಯ್ಯ ಇಲ್ಲಿ,” ಎಂದೆ. “ಹೆಂಡ್ತೀನ ಒಂದ್ಸಲ ಮಣ್ಣು ಮಾಡಿದ್ದು ಸಾಲ್ದಾ?”

“ಹೆಂಗಸು ಪ್ರೇಮದ ಪದ್ಯ ಬರೆದಿದ್ಲು ಅಂತ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ ಅಕ್ಕ. ಪ್ರತಿಯೊಂದರಲ್ಲೂ ಅವಳ ಹೆಸರಿದೆ.”

“ಹೆಸರು ತಾನೇ? ತೆಗೆದ್ರಾಯ್ತು.”

ಬಟ್ಟೆ ಹೊಲಿದು ಬದುಕುವವಳು ನಾನು, ಕತ್ತರಿ ಕೈಗೆಟುಕುವಲ್ಲೇ ಇರುತ್ತದೆ. ಎಂಬತ್ತೊಂದು ಗಜಲುಗಳ ಕೊನೆಯ ಎರಡೆರಡು ಸಾಲು ಕತ್ತರಿಸಿ ಬೆಂಕಿಗೆ ಹಾಕಿದೆ. ಎಂಥ ಜಾಣೆ ನಾನು ಎಂದು ಒಳಗೊಳಗೇ ಬೀಗಿದೆ, ದರಿದ್ರದವಳು.

ಬಂದವರಲ್ಲಿ ಒಬ್ಬನಿಗೆ ಓದು ಬರುತ್ತಿತ್ತು. ನಾಲ್ಕು ಹಾಳೆ ತಿರುವಿ, “ಚೆನ್ನಾಗಿದೆ. ಯಾರು ಬರೆದಿದ್ದು?” ಎಂದ.

“ನಾನೇ. ದೇವರ ಮೇಲಿನ ಪ್ರೀತಿ,” ಎಂದ ಗೌಸುದ್ದೀನ್.

“ಹೌದೇನಮ್ಮ?”

“ಹೌದು,” ಎಂದೆ.

ಆವತ್ತು ಆ ಸುಳ್ಳು ನಮ್ಮ ಜೀವ ಉಳಿಸಿತು, ಇಲ್ಲವೆನ್ನಲಾರೆ. ಆದರೆ ಅದು ಮನೆ ಬಿಟ್ಟು ಹೋಗಲಿಲ್ಲ. ಸುದ್ದಿ ಹಬ್ಬಿ ಗಂಡಸರ ಕವಿಗೋಷ್ಠಿಗೆ ಅವನನ್ನು ಕರೆದರು. ಒಲ್ಲೆ ಒಲ್ಲೆ ಎನ್ನುತ್ತಲೇ ಹೋದ. ‘ವಾಹ್ ವಾಹ್’ ಕೇಳಿಸಿಕೊಂಡು ಮನೆಗೆ ಬಂದವನು ಬೇರೆಯೇ ಮನುಷ್ಯ. ವರ್ಷದೊಳಗೆ ಇರಾನಿನ ಮಶ್‌ಹದ್‌ನಲ್ಲಿ ಪುಸ್ತಕ ಅಚ್ಚಾಯಿತು. ಪ್ರತಿ ಗಜಲಿಗೂ ಹೊಸ ಕೊನೆಯ ಸಾಲುಗಳು, ಪ್ರತಿಯೊಂದರಲ್ಲೂ ‘ಗೌಸ್’.

ಪುಸ್ತಕವನ್ನು ಅವನ ಮುಂದೆ ಹಿಡಿದೆ. “ಏನಯ್ಯ ಇದು? ಅವಳು ಬೆಳೆದ ಬೆಳೆ ಕೊಯ್ದು ಮೀಸೆ ತಿರುವ್ತೀಯಲ್ಲ, ನಾಚಿಕೆ ಆಗಲ್ವಾ?”

ಅವನು ತಲೆ ಎತ್ತಲಿಲ್ಲ. “ಅಂಕಿತ ಇಲ್ದೆ ಗಜಲು ಮುಗಿಯಲ್ಲ ಅಕ್ಕ. ಕತ್ತರಿಸಿದ್ದು ನೀವು. ನಾನು ಹೊಲಿದೆ, ಅಷ್ಟೆ.”

ನಾನೇ ಕೈಯಾರೆ ಮಾಡಿದ್ದು. ಎರಡು ವರ್ಷ ಬಾಯಿ ಹೊಲಿದುಕೊಂಡೇ ಇದ್ದೆ.

ಶಕೀಬಾಳ ಮಗಳು ಹೊಸ್ನಾಗೆ ಹದಿಮೂರು. ಹುಡುಗಿಯರ ಶಾಲೆ ಮುಚ್ಚಿದೆ, ಅವಳಿಗೆ ಅಪ್ಪನ ಪುಸ್ತಕವೇ ಪಾಠ. ನನ್ನ ಹೊಲಿಗೆಯ ಯಂತ್ರದ ಪಕ್ಕ ಕೂತು ಬೆಳಗೂ ಬೈಗೂ ಅದನ್ನೇ ಗಟ್ಟಿಯಾಗಿ ಓದುತ್ತಾಳೆ. ಮೊನ್ನೆ ತಡೆಯಲಾಗಲಿಲ್ಲ.

“ಅದು ನಿಮ್ಮಪ್ಪ ಬರೆದಿದ್ದಲ್ಲ ಕಂದ, ನಿಮ್ಮಮ್ಮ ಬರೆದಿದ್ದು,” ಎಂದು ಎಲ್ಲ ಹೇಳಿದೆ.

ಹುಡುಗಿ ಪುಸ್ತಕ ಮುಚ್ಚಿದಳು. “ಹಾಗಾದ್ರೆ ಅಮ್ಮನ ಹೆಸರಿರೋ ಸಾಲು ಹೇಳು ದೊಡ್ಡಮ್ಮ. ಒಂದೇ ಒಂದು. ನಾನು ಬಾಯಿಪಾಠ ಮಾಡ್ಕೋತೀನಿ.”

ಎಂಬತ್ತೊಂದನ್ನೂ ಶಕೀಬಾಳ ಬಾಯಿಂದಲೇ ಕೇಳಿದವಳು ನಾನು. ಕಣ್ಣು ಮುಚ್ಚಿ ಹುಡುಕಿದೆ. ‘ಇಸ್ಪಂದ್’ ಒಂದೇ ಸಿಕ್ಕಿತು, ಅದರ ಹಿಂದೆ ಮುಂದೆ ಏನೂ ಇರಲಿಲ್ಲ. ಮೊದಲ ಸಾಲಿನಿಂದ ಹಾಡಿಕೊಂಡು ಬಂದರೆ ನೆನಪಾದೀತೆಂದು ಹಾಡಿದೆ. ಕೊನೆಗೆ ಬರುವಾಗ ನಾಲಿಗೆ ತಾನಾಗಿಯೇ ‘ಗೌಸ್’ ಎಂದಿತು.

“ಅದು ಅಪ್ಪಂದಲ್ವಾ ದೊಡ್ಡಮ್ಮ,” ಎಂದು ಹೊಸ್ನಾ ಮತ್ತೆ ಪುಸ್ತಕ ತೆರೆದಳು.