ನೂರೀನಳ ತೂಕ

ಅಂಗನವಾಡಿಯಲ್ಲಿ ತಿಂಗಳ ತೂಕದ ದಿನ ಬಂತೆಂದರೆ ರೋಶನಬಿ ಮೊಮ್ಮಗಳು ನೂರೀನಳನ್ನು ಮದುವೆಗೆ ಹೊರಟವರಂತೆ ಸಿಂಗರಿಸುತ್ತಿದ್ದಳು. ಬೆಳ್ಳಿಯ ಉಡಿದಾರ, ದಪ್ಪ ಕಾಲ್ಗಡಗ, ಎರಡು ಸ್ವೆಟರ್, ಉಣ್ಣೆಯ ಟೊಪ್ಪಿಗೆ. ಬೆಳ್ಳಟ್ಟಿಯ ಬಿಸಿಲಿಗೆ ಕೂಸು ಬೆವರಿದರೂ ಸರಿ, ತಕ್ಕಡಿಯ ಮುಳ್ಳು ಮುಂದೆ ಹೋಗಬೇಕು. ತೂಕ ಕಡಿಮೆಯಾಗಿ ಅಂಗನವಾಡಿಯ ಪಟ್ಟಿಯಲ್ಲಿ ಕೆಂಪು ಗೆರೆಗೆ ಬಿದ್ದ ಕೂಸನ್ನು ತಾಯಿಯ ಸಮೇತ ಹದಿನಾಲ್ಕು ದಿನ ಗದಗಿನ ದವಾಖಾನೆಯಲ್ಲಿ ಇರಿಸಿಕೊಳ್ಳುತ್ತಾರೆ. ಅಲ್ಲಿ ಸೊಸೆಯನ್ನು ನೋಡಿದವರು ಹುಚ್ಚಿ ಅಂದಾರು ಎಂಬುದೇ ರೋಶನಬಿಯ ಅಂಜಿಕೆ. ಹುಚ್ಚಿ ಅನ್ನಿಸಿಕೊಂಡು ತವರಿಗೆ ಹೋದ ಹೆಣ್ಣು ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ.

ಹೆತ್ತ ಮೇಲೆ ಸೊಸೆ ಗುಲ್ನಾಜ ಮೊದಲಿನಂತಿರಲಿಲ್ಲ. ಮೂರನೆಯ ತಿಂಗಳಲ್ಲೇ ಅತ್ತೆಗೆ ಹೇಳಿದ್ದಳು: “ಅಮ್ಮಾ, ಕೂಸು ಅಳೂದು ಕೇಳತೈತಿ. ಎತ್ಕೊಳ್ಳಾಕ ಕೈ ಏಳವಲ್ಲವು.” ರೋಶನಬಿ ಮೊದಲು ಮೈಗಳ್ಳಿ ಎಂದು ಬೈದಳು. ಆಮೇಲೆ ತಾಯತ ಕಟ್ಟಿಸಿದಳು. ಆಮೇಲೆ ಮುಚ್ಚಿಟ್ಟಳು.

ಹಿಂದಿನ ತಿಂಗಳುಗಳಲ್ಲಿ ಥಂಡಿಯ ನೆಪ ನಡೆದಿತ್ತು. ಈ ಸಲ ಅಂಗನವಾಡಿಯ ಶೇಖವ್ವ ಟೀಚರ್ ಕೂಸನ್ನು ಎತ್ತಿಕೊಂಡವಳೇ ನಕ್ಕಳು.

“ಏನ ಚಾಚಿ, ಬೆಳ್ಳಿ ಅಂಗಡಿ ತೂಗಲೋ, ಕೂಸ ತೂಗಲೋ? ಬಿಚ್ಚರಿ ಎಲ್ಲಾ.”

“ಥಂಡಿ ಆಗತೈತ್ರಿ.”

“ಏಪ್ರಿಲ್ ತಿಂಗಳದಾಗ?”

ಬಿಚ್ಚಿದರು. ವರ್ಷ ತುಂಬಿದ ನೂರೀನ ಆರು ಕಿಲೋ ಕೂಡ ಇರಲಿಲ್ಲ. ಶೇಖವ್ವನ ನಗೆ ನಿಂತಿತು.

“ಎಷ್ಟ ತಿಂಗಳಿಂದ ಹಿಂಗ ಮಾಡಾಕ ಹತ್ತೀರಿ?”

“ನಾಕು.”

“ಆಗಲೇ ಕಳಿಸಿದ್ರ ಇಷ್ಟೊತ್ತಿಗೆ ಗ್ವಾಡಿ ಹಿಡದು ನಿಲ್ಲತಿತ್ತು. ಈಗ ನೋಡ್ರಿ, ಕುಂಡ್ರಾಕೂ ತ್ರಾಣಿಲ್ಲ. ನಾಳೆ ಗದಗಿಗೆ ನಾನೇ ಕರಕೊಂಡು ಹೋಗ್ತೀನಿ. ಗುಲ್ನಾಜ ಮಂಕಾಗಿದ್ದು ನನಗೂ ಕಾಣತೈತಿ, ಅಕಿಗೂ ಡಾಕ್ಟರ್ ಅದಾರ ಅಲ್ಲಿ.”

ಮರುದಿನ ಗುಲ್ನಾಜ ಹೇಳಿದ್ದನ್ನೆಲ್ಲ ಮಾಡಿದಳು. ತಲೆ ಬಾಚಿದಳು, ಚೀಲ ತುಂಬಿದಳು, ಬುರ್ಖಾ ತೊಟ್ಟಳು. ರೋಶನಬಿಗೆ ಹೋದ ಜೀವ ಬಂದಂತಾಯಿತು. ಹಿತ್ತಲ ಬಾಗಿಲು ಹಾಕಿ ಹೊರಗೆ ಬಂದರೆ ಸೊಸೆ ಚೀಲ ಹಿಡಿದು ಓಣಿಯಲ್ಲಿ ನಿಂತಿದ್ದಳು.

“ಕೂಸೆಲ್ಲೇ?”

ಗುಲ್ನಾಜ ಕೈಯಲ್ಲಿನ ಚೀಲವನ್ನು ನೋಡಿದಳು. “ನಾನೇ ತರಬೇಕಿತ್ತೇನಮ್ಮಾ?”

ಒಳಗೆ ಕೌದಿಯ ಮೇಲೆ ನೂರೀನ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅಳುತ್ತಿರಲಿಲ್ಲ. ಅದು ಅಳುವುದನ್ನು ಬಿಟ್ಟು ಎಷ್ಟು ದಿನವಾಯಿತೆಂದು ರೋಶನಬಿಗೆ ನೆನಪಾಗಲಿಲ್ಲ. ಮನೆ ತಣ್ಣಗಾಯಿತೆಂದು ಸಮಾಧಾನಪಟ್ಟಿದ್ದಷ್ಟೇ ನೆನಪು.

ಬಸ್ಸಿನ ಬಾಗಿಲಲ್ಲಿ ಅರ್ಧ ಊರೇ ನಿಂತಿತ್ತು. ರೋಶನಬಿ ಕೂಸನ್ನು ಶೇಖವ್ವನ ಕೈಗಿತ್ತಳು. ದನಿ ತಗ್ಗಿಸಲಿಲ್ಲ.

“ಟೀಚರ್, ನನ್ನ ಸೊಸಿ ಮನಸು ಸರಿಯಿಲ್ಲ. ತಾಯಿ-ಕೂಸು ಇಬ್ಬರನ್ನೇ ಬಿಟ್ಟು ಬರಬ್ಯಾಡ್ರಿ.”

ಮಾತಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಗುಲ್ನಾಜಳಿಗೂ ಕೇಳಿಸಿತು. ಬೇರೆ ಯಾರದೋ ಸುದ್ದಿ ಎಂಬಂತೆ ಅವಳು ಬಸ್ಸೇರಿ ಕಿಟಕಿಯ ಪಕ್ಕ ಕುಳಿತಳು.