ಕಾರಣ: ಜಂಜಾಲ್

ಮೊಹಲ್ಲಾದ ಅಧ್ಯಕ್ಷ ಅಬ್ದುಖಾಲಿಕ್ ರಾಜಿ ಕಾಗದದ ಕಾರಣದ ಕಾಲಮಿನಲ್ಲಿ ‘ಜಂಜಾಲ್’ ಎಂದು ಬರೆದು ಪೆನ್ನು ಕೆಳಗಿಟ್ಟಾಗ ಬಟ್ಟಲುಗಳಲ್ಲಿ ಚಹಾ ಇನ್ನೂ ಬಿಸಿಯಾಗಿತ್ತು. ಅವನು ಕಾಗದವನ್ನು ತಿರುಗಿಸಿ ರಿಸಾಲತ್ ಮುದುಕಿಯ ಮುಂದೆ ಸರಿಸಿದ. ಅವನದೂ ನಿವೃತ್ತ ಮೇಷ್ಟರದೂ ರುಜು ಬಿದ್ದಿದ್ದವು. ಮೂರನೆಯದು ಅವಳದು.

ಗಂಡ ಹೆಂಡಿರ ವ್ಯಾಜ್ಯ ಕೋರ್ಟಿಗೆ ಹೋಗುವ ಮೊದಲು ಮೊಹಲ್ಲಾದ ಈ ಮೂವರ ಮುಂದೆ ಬರಬೇಕು. ರಾಜಿಯೆಂದು ಮೂರು ರುಜು ಬಿದ್ದರೆ ಹೆಣ್ಣು ಅಲ್ಲಿಂದಲೇ ಗಂಡನ ಹಿಂದೆ ಹೊರಡಬೇಕು. ಆಮೇಲೆ ಮೂವರಲ್ಲಿ ಹಿರಿಯರಾದವರು ಅಂಗೈ ತೆರೆದು ದುವಾ ಹೇಳಿ ಮುಖ ಸವರಿಕೊಳ್ಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಮತ್ತೆ ಯಾರೂ ಬಾಯಿ ತೆರೆಯುವಂತಿಲ್ಲ. ಮೊಹಲ್ಲಾದ ಹೆಣ್ಣುಮಕ್ಕಳಿಗೆ ಕುರಾನ್ ಓದಲು ಕಲಿಸಿದ ರಿಸಾಲತ್ ಹತ್ತೊಂಬತ್ತು ವರ್ಷಗಳಿಂದ ಆ ದುವಾ ಹೇಳುತ್ತ ಬಂದಿದ್ದಳು.

ಜಂಜಾಲ್ ಎಂಬುದು ಮರ್ಗಿಲಾನ್ ಪಟ್ಟಣದಲ್ಲಿ ದಿನಬಳಕೆಯ ಮಾತು. ಕಾಲುವೆ ನೀರಿನ ಸರದಿಗೆ ನೆರೆಯವರು ಕೂಗಾಡಿದರೆ ಜಂಜಾಲ್. ಕರಬೂಜದ ಬೆಲೆಗೆ ಸಂತೆಯಲ್ಲಿ ದನಿ ಏರಿದರೆ ಜಂಜಾಲ್. ಮಾತಿಗೆ ಮಾತು ಬೆಳೆದು ಕಾವೇರುತ್ತದೆ, ಸಂಜೆಯೊಳಗೆ ತಣ್ಣಗಾಗುತ್ತದೆ. ಅದರಲ್ಲಿ ತಪ್ಪೂ ಇಲ್ಲ, ನಾಚಿಕೆಯೂ ಇಲ್ಲ. ಅದಕ್ಕೇ ಆ ಕಾಲಮಿಗೆ ಅದು ಒಗ್ಗಿಹೋಗಿತ್ತು.

“ನನ್ನ ಹೆಂಡ್ತಿ ಜತೆ ಜಂಜಾಲ್ ಆಗದ ದಿನ ನನಗೆ ಊಟಾನೇ ಸೇರಲ್ಲ,” ಎಂದು ಅಬ್ದುಖಾಲಿಕ್ ನಕ್ಕ. ಎದುರಿಗೆ ಕೂತಿದ್ದ ಸೊದಿರ್ ತಾನೂ ನಕ್ಕ. ಅವನ ಪಕ್ಕದಲ್ಲಿದ್ದ ಹೆಂಡತಿ ಮುಹಯ್ಯೋ ನಗಲಿಲ್ಲ. ಮದುವೆಯಾಗಿ ಮೂರು ವರ್ಷ. ಎಲ್ಲ ಹೆಂಗಸರಂತೆ ತಲೆವಸ್ತ್ರವನ್ನು ಹಿಂದಕ್ಕೆ ಕಟ್ಟಿಕೊಳ್ಳದೆ ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿಕೊಂಡಿದ್ದಳು.

ಅಬ್ದುಖಾಲಿಕ್ ಪದ್ಧತಿಯಂತೆ ಒಂದೇ ರೊಟ್ಟಿಯನ್ನು ಮುರಿದು ಗಂಡನಿಗೊಂದು ತುಂಡು, ಹೆಂಡತಿಗೊಂದು ತುಂಡು ಕೊಟ್ಟ. ಸೊದಿರ್ ತನ್ನದನ್ನು ಕರಕರ ಅಗಿದು ನುಂಗಿದ. ಮುಹಯ್ಯೋ ತನ್ನದನ್ನು ಚಹಾದಲ್ಲಿ ಅದ್ದಿದಳು. ಅದು ಪೂರ್ತಿ ನೆನೆಯುವವರೆಗೆ ಕಾದು, ಬಾಯಿಯ ಎಡಗಡೆಗೆ ಇಟ್ಟುಕೊಂಡು, ಅಗಿಯದೆ ನುಂಗಿದಳು.

ರಿಸಾಲತಳ ಕೈ ಪೆನ್ನಿನ ಮೇಲೆ ನಿಂತಿತು.

ಹನ್ನೆರಡು ವರ್ಷಗಳ ಹಿಂದೆ, ಇದೇ ದಸ್ತರ್‌ಖಾನ್ ಊಟದ ಹಾಸಿನ ಮುಂದೆ, ಅವಳ ಮಗಳು ಜೇಬಿನಿಸೊ ಹೀಗೆಯೇ ರೊಟ್ಟಿ ಅದ್ದಿಕೊಂಡು ತಿಂದಿದ್ದಳು. ಆವತ್ತೂ ಕಾರಣ ಜಂಜಾಲ್. ತಾಯಿಯೇ ರುಜು ಹಾಕಿದ್ದಳು, ತಾಯಿಯೇ ದುವಾ ಹೇಳಿದ್ದಳು. ನನ್ನ ಮಗಳು ಈಗಲೇ ಮುದುಕಿಯಾದಳು, ರೊಟ್ಟಿ ನೆನೆಸಿ ತಿನ್ನುತ್ತಾಳೆ ಎಂದು ನೆರೆಯವರ ಮುಂದೆ ನಗೆಯಾಡಿದ್ದಳು. ಏಳು ತಿಂಗಳ ಮೇಲೆ ಜೇಬಿನಿಸೊ ಚಟ್ಟದ ಮೇಲೆ ತೌರಿಗೆ ಬಂದಳು. ಮೆಟ್ಟಿಲಿಂದ ಬಿದ್ದಳಂತೆ, ಎಂದರು. ಹೆಣ ತೊಳೆದವಳು ರಿಸಾಲತಳೇ. ದೇವರ ಇಚ್ಛೆ ಎಂದುಕೊಂಡು ಐದು ಹೊತ್ತು ಹಣೆ ನೆಲಕ್ಕೆ ಮುಟ್ಟಿಸುತ್ತ ಬದುಕಿದ್ದಳು. ದೇವರ ಇಚ್ಛೆ ಯಾವುದು, ತನ್ನ ರುಜು ಯಾವುದು ಎಂದು ಬಿಡಿಸಿ ನೋಡಲು ಅವಳಿಗೆ ಧೈರ್ಯ ಬಂದಿರಲಿಲ್ಲ.

“ಮಗಳೇ,” ಎಂದಳು. “ಈ ಜಂಜಾಲ್ ಆದ ದಿನ ಅವನು ಏನಂದ?”

“ಸಾರಿಗೆ ಉಪ್ಪು ಜಾಸ್ತಿ ಅಂದ್ರು.” ಮುಹಯ್ಯೋಳ ತುಟಿಯಷ್ಟೇ ಅಲ್ಲಾಡಿತು, ದವಡೆ ತೆರೆಯಲಿಲ್ಲ.

“ನೀನು ಏನಂದೆ?”

ಮುಹಯ್ಯೋ ಗಂಡನತ್ತ ನೋಡಿದಳು, ಆಮೇಲೆ ಬಟ್ಟಲಿನತ್ತ. “ಏನೂ ಅನ್ಲಿಲ್ಲ ಖಾಲಾ. ಸೌಟು ಹಿಡ್ಕೊಂಡು ನಿಂತಿದ್ದೆ.”

“ಒಂದು ಮಾತೂ ಆಡ್ಲಿಲ್ವಾ?”

“ಇಲ್ಲ.”

ರಿಸಾಲತ್ ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟಳು. “ಜಂಜಾಲ್ ಆಗ್ಬೇಕಾದ್ರೆ ಎರಡು ಬಾಯಿ ಬೇಕು ಅಬ್ದುಖಾಲಿಕ್. ಈ ಹುಡುಗಿ ಬಾಯೇ ಬಿಟ್ಟಿಲ್ಲ. ಈಗ ಬಿಡೋಕೂ ಆಗ್ತಿಲ್ಲ. ಇದು ಜಂಜಾಲ್ ಅಲ್ಲ.”

ಸೊದಿರ್ ಏನೋ ಹೇಳಹೊರಟ. ಅಬ್ದುಖಾಲಿಕ್ ಅವನನ್ನು ಕಣ್ಣಲ್ಲೇ ತಡೆದ. ಮೊಹಲ್ಲಾದ ಹೆಸರು, ಸೊದಿರನ ತಾಯಿಯ ವಯಸ್ಸು, ಕೋರ್ಟಿನ ಅಲೆದಾಟ, ಎಲ್ಲವನ್ನೂ ಮೆತ್ತಗೆ ಹೇಳಿದ. ಮುದುಕಿ ಅಲ್ಲಾಡಲಿಲ್ಲ. ಆಗ ಅವನು ದನಿ ತಗ್ಗಿಸಿದ. ಅವನು ಕೆಟ್ಟವನಲ್ಲ, ಅವಳನ್ನು ಉಳಿಸಲೆಂದೇ ಕೇಳಿದ.

“ಖಾಲಾ, ಇದು ಜಂಜಾಲ್ ಅಲ್ಲ ಅಂದ್ರೆ, ನಮ್ಮ ಜೇಬಿನಿಸೊದು? ಅವತ್ತು ನೀವೇ ಅಲ್ವಾ ರುಜು ಹಾಕಿದ್ದು? ಬೇಡ ಖಾಲಾ. ಈ ವಯಸ್ಸಿನಲ್ಲಿ ಆ ಭಾರ ಮೈಮೇಲೆ ಹಾಕ್ಕೋಬೇಡಿ.”

ಮೇಷ್ಟರು ತಲೆ ತಗ್ಗಿಸಿದರು. ಹೊರಗೆ ಹಿಪ್ಪುನೇರಳೆ ಮರದ ಕೆಳಗೆ ಯಾರೋ ಹಣ್ಣು ಗುಡಿಸುತ್ತಿದ್ದರು. ಬಾಗಿಲು ತೆರೆದೇ ಇತ್ತು. ಆದರೂ ರಿಸಾಲತಳಿಗೆ ಎದ್ದು ಹೋಗಲು ಯಾವ ಕಡೆಯೂ ದಾರಿಯಿದ್ದಂತೆ ಕಾಣಲಿಲ್ಲ. ರುಜು ಹಾಕಿದರೆ ಈ ಹುಡುಗಿಯ ಜೀವ. ಹಾಕದಿದ್ದರೆ ಆ ಹುಡುಗಿಯ ಸಾವು ತನ್ನ ತಲೆಗೆ.

“ಅದೂ ಜಂಜಾಲ್ ಅಲ್ಲ,” ಎಂದಳು.

ಅಬ್ದುಖಾಲಿಕ್, ಬೇರೇನೂ ತೋಚದೆ, ಎಂದಿನಂತೆ ಅಂಗೈ ತೆರೆದು ದುವಾಕ್ಕೆ ಕಾದ. ಮೇಷ್ಟರೂ ತೆರೆದರು. ಸೊದಿರನೂ ತೆರೆದ. ಮುಹಯ್ಯೋ ಕೂಡ ಮಂಡಿಯ ಮೇಲಿನಿಂದ ಕೈಗಳನ್ನು ನಿಧಾನವಾಗಿ ಎತ್ತಿದಳು.

ರಿಸಾಲತ್ ಅಂಗೈ ತೆರೆಯದೆ ಮುಹಯ್ಯೋಳ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಉಳಿದ ರೊಟ್ಟಿಯ ತುಂಡನ್ನು ಎತ್ತಿಕೊಂಡು, ಗಟ್ಟಿ ಅಂಚನ್ನು ಬೇರ್ಪಡಿಸಿ, ಮೆತ್ತಗಿನ ಭಾಗವನ್ನು ಚೂರುಚೂರಾಗಿ ಚಹಾದಲ್ಲಿ ಉದುರಿಸತೊಡಗಿದಳು. ತೆರೆದ ಅಂಗೈಗಳು ಅವಳ ಸುತ್ತ ಹಾಗೇ ಕಾಯುತ್ತಿದ್ದವು.