ನಡುಮನೆಯ ಎಡಸಾಲು

ಸುತ್ತಲಿನ ದೇಶಗಳಿಗೆಲ್ಲ ನಮ್ಮ ದೇಶವೇ ಡಿಜಿಟಲ್ ನಡುಮನೆ ಆಗಲಿದೆ ಎಂದು ಸರ್ಕಾರ ಸಾರಿದ ಮೇಲೆ ಊರಾಚೆ ಗಾಜಿನ ದೊಡ್ಡದೊಂದು ಕಟ್ಟಡ ಎದ್ದಿತು. ಗಡಿಯ ಆಚೆಗೂ ಆಡುವ ಮಾತು ಒಂದೇ. ಹಾಗಾಗಿ ಅಲ್ಲಿನ ಜನ ತಮ್ಮ ಕಷ್ಟವನ್ನೆಲ್ಲ ಇಲ್ಲಿಗೆ ಫೋನ್ ಮಾಡಿ ಹೇಳಿಕೊಳ್ಳುವುದು, ಇಲ್ಲಿನವರು ಯಂತ್ರದ ನೆರವಿನಿಂದ ಅದನ್ನು ಪರಿಹರಿಸುವುದು ಎಂದು ಯೋಜನೆಯಾಗಿತ್ತು. ಮೇಜುಗಳು ಬಂದವು. ಹೆಡ್‌ಫೋನುಗಳು ಬಂದವು. ಮೈ ಜುಮ್ಮೆನ್ನಿಸುವ ತಣ್ಣನೆ ಗಾಳಿ ಬಂತು. ಕರೆಗಳು ಮಾತ್ರ ಬರಲಿಲ್ಲ. ನೆರೆಯ ದೇಶದವರು ಯೋಚಿಸಿ ಹೇಳುತ್ತೇವೆ ಅಂದರು, ಯೋಚಿಸುತ್ತಲೇ ಉಳಿದರು.

ಅವರು ಬರುವ ತನಕ ಕೈಕಟ್ಟಿ ಕೂರುವುದು ಮರ್ಯಾದೆಯಲ್ಲ ಎಂದು ಮೇಲಿನವರಿಗೆ ಅನ್ನಿಸಿತು. ಕಟ್ಟಡದೊಳಗೆ ಮಸುಕು ಗಾಜಿನ ಗೋಡೆಯೊಂದನ್ನು ನಿಲ್ಲಿಸಿ ಜನರನ್ನು ಎರಡು ಸಾಲು ಮಾಡಿದರು. ಬಲಸಾಲಿನವರು ಕರೆಗೆ ಉತ್ತರಿಸುವವರು. ಎಡಸಾಲಿನವರು ನೆರೆದೇಶದವರಂತೆ ನಟಿಸುತ್ತ ಕರೆ ಮಾಡುವವರು. ಇದಕ್ಕೆ ‘ಅಭ್ಯಾಸ’ ಎಂದು ಹೆಸರಿಟ್ಟರು. ಎರಡು ಸಾಲಿಗೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಊಟದ ಹೊತ್ತು. ತಾವು ನಿಜವಾದ ಪರದೇಶದವರ ಜೊತೆ ಮಾತಾಡುತ್ತಿದ್ದೇವೆ ಎಂಬುದು ಬಲಸಾಲಿನವರ ನಂಬಿಕೆ. ಅದಕ್ಕೆ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು ಎಡಸಾಲಿನವರ ಹೊಣೆ.

ಈ ಎಡಸಾಲಿನಲ್ಲಿ ಒಬ್ಬಳು ಸೊಸೆ ಕೆಲಸಕ್ಕಿದ್ದಳು. ಗಂಡ ಬಸ್ಸು ರಿಪೇರಿ ಮಾಡುವವನು. ಮನೆಯಲ್ಲಿ ಅತ್ತೆ. ಮೂವರಿಗೆ ಎರಡು ಕೋಣೆ, ರಸ್ತೆಗೆ ತೆರೆಯುವ ಒಂದು ಕಿಟಕಿ. ಆಫೀಸಿನ ಗುಟ್ಟನ್ನು ಹೊರಗೆ ಬಾಯಿಬಿಡಬಾರದೆಂದು ಅವಳಿಂದ ಮಾತು ತೆಗೆದುಕೊಂಡಿದ್ದರು. ಆದರೆ ಮನೆ ಅನ್ನುವುದು ಹೊರಗಲ್ಲವಲ್ಲ. ಮೊದಲ ದಿನವೇ ಎಲ್ಲ ಹೇಳಿಬಿಟ್ಟಳು.

ಗಂಡ ನಕ್ಕೂ ನಕ್ಕೂ ಕೆಮ್ಮಿದ. “ನಡುಮನೆ ಕಟ್ಟಿದ್ದಾಯ್ತು. ಅಡುಗೆಮನೆ ಎಲ್ಲಿ, ಬಚ್ಚಲೆಲ್ಲಿ ಅಂತ ಯಾರಾದ್ರೂ ಕೇಳಿದ್ರಾ?”

ಅತ್ತೆ ನಗಲಿಲ್ಲ. “ನಡುಮನೆ ಅಂದ್ಮೇಲೆ ನಾಲ್ಕು ಜನ ಬಂದು ಕೂರ್ಬೇಕು ಕಣೋ. ಬರದೆ ಇರೋರಿಗೆ ಚಾಪೆ ಹಾಸಿಟ್ಟು ಕಾಯ್ತಾ ಇದ್ರೆ, ಆ ಚಾಪೆ ಮೇಲೆ ಬೇರೆ ಏನಾದ್ರೂ ಬಂದು ಕೂರುತ್ತೆ.”

“ಏನು ಕೂರುತ್ತೆ ಅತ್ತೆ? ಬೆಕ್ಕಾ?”

“ಬೆಕ್ಕು ಕೂತ್ರೆ ನಮ್ಮ ಪುಣ್ಯ.”

ಎಡಸಾಲಿನ ಕೆಲಸ ಕೇಳಲು ಹಗುರ, ಮಾಡಲು ಭಾರ. ಪ್ರತಿ ಕರೆಯನ್ನೂ ಯಂತ್ರ ತೂಗುತ್ತಿತ್ತು. ಮಾತಾಡುತ್ತಿರುವುದು ನಿಜವಾದ ಮನುಷ್ಯರ ಹಾಗಿದೆಯೇ ಎಂಬುದೇ ಅದರ ಅಳತೆ. ಕೂತಲ್ಲೇ ಕಲ್ಪಿಸಿ ಹೊಸೆದ ಜನ ಟೊಳ್ಳು ಎನ್ನುವುದು ಎರಡೇ ಮಾತಿಗೆ ಗೊತ್ತಾಗಿಬಿಡುತ್ತಿತ್ತು. ಪರದೆಯ ಮೇಲೆ ‘ಸತ್ವ ಸಾಲದು’ ಎಂದು ಕೆಂಪಗೆ ಮೂಡುತ್ತಿತ್ತು. ಮೇಲ್ವಿಚಾರಕ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಯಾರು ಏನು ಹೇಳಿದರೂ ‘ಸರಿ ಸರಿ’ ಅನ್ನುವವನಾದ್ದರಿಂದ ಎಲ್ಲರೂ ಅವನನ್ನು ಸರಿಸರಿ ಎಂದೇ ಕರೆಯುತ್ತಿದ್ದರು. “ಸರಿ ಸರಿ, ಇನ್ನೂ ಸ್ವಲ್ಪ ಜೀವ ತುಂಬಿ” ಎಂದು ಹೇಳಿ ಮುಂದಿನ ಮೇಜಿಗೆ ಹೋಗುತ್ತಿದ್ದ.

ಜೀವವನ್ನು ಎಲ್ಲಿಂದ ತಂದು ತುಂಬುವುದು? ಎಡಸಾಲಿನವರೆಲ್ಲ ಕೊನೆಗೆ ಮಾಡಿದ್ದು ಒಂದೇ ಕೆಲಸ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಅಷ್ಟೇ. ಒಬ್ಬಳು ತನ್ನ ಅಣ್ಣನ ತೊದಲನ್ನು ತಂದಳು. ಇನ್ನೊಬ್ಬ ತನ್ನ ಸೋದರಮಾವನ ಸಿಡುಕನ್ನು ತಂದ. ಸೊಸೆ ಅತ್ತೆಯನ್ನು ತಂದಳು. ಆ ಒಣಕೆಮ್ಮು, ವಾಕ್ಯದ ನಡುವೆ ಉಸಿರು ಎಳೆದುಕೊಳ್ಳುವ ರೀತಿ, ಮಾತುಮಾತಿಗೆ “ಕೇಳ್ತಾ ಇದೀಯಾ ಮಗಾ?” ಅನ್ನುವುದು, ಎಲ್ಲವೂ ಅವಳ ನಾಲಗೆಗೆ ಸಲೀಸಾಗಿ ಬಂದವು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನನ್ನು ನಗಿಸಲು ಹಾಗೆ ಮಾತಾಡುತ್ತಿದ್ದುದೂ ಉಂಟು. ಕಷ್ಟವೊಂದು ಬೇಕಲ್ಲ? “ನನ್ನ ಮನೆ ಬಾಗಿಲು ನನ್ನ ಮಾತು ಕೇಳ್ತಿಲ್ಲ ಮಗಾ. ಹೊರಗೇ ನಿಂತಿದೀನಿ” ಎಂದಳು. ಪರದೆ ಹಸಿರಾಯಿತು. ಪೂರ್ತಿ ಅಂಕ.

ಅಂದಿನಿಂದ ದಿನವೂ ಆ ಮುದುಕಿ ಕರೆ ಮಾಡಿದಳು. ಬಲಸಾಲಿನ ಹುಡುಗಿಯರು ಆಕೆಯನ್ನು ಪರದೇಶದ ಅಜ್ಜಿ ಎಂದು ಕರೆಯತೊಡಗಿದರು. ಸರಿಸರಿಗಂತೂ ಹಿಗ್ಗೋ ಹಿಗ್ಗು. ಅಜ್ಜಿಯ ದೂರನ್ನು ಮುಗಿಸಲು ಅವನು ಬಿಡಲಿಲ್ಲ. ಕರೆ ಮಾಡುವವರನ್ನು ಅಲ್ಲಿ ಕಕ್ಷಿ ಅನ್ನುತ್ತಿದ್ದರು; ಇಂಥ ಕಕ್ಷಿ ಎಲ್ಲಿ ಸಿಗುತ್ತಾರೆ?

ಗಡಿಯ ಈಚೆ, ಸೊಸೆಯ ದೇಶದಲ್ಲಿ, ಗುರುತಿನ ಚೀಟಿಗಳನ್ನೆಲ್ಲ ತೆಗೆದುಹಾಕಿ ಆಗಲೇ ಕೆಲವು ಕಾಲವಾಗಿತ್ತು. ಬಾಯಿಮಾತೇ ಗುರುತು. ಬಸ್ಸಿರಲಿ, ಆಸ್ಪತ್ರೆಯಿರಲಿ, ಬಾಗಿಲ ಬಳಿಯ ಕಂಬದ ಮುಂದೆ ನಿಂತು ಹೆಸರು ಹೇಳಿದರೆ ಅದು ದನಿ ಹಿಡಿದು ಬಾಗಿಲು ತೆರೆಯುತ್ತಿತ್ತು. ದನಿಗಳನ್ನೆಲ್ಲ ಇಟ್ಟುಕೊಂಡಿದ್ದ ಯಂತ್ರವೂ ಅದೇ ಗಾಜಿನ ಕಟ್ಟಡದಲ್ಲಿತ್ತು. ಸೊಸೆ ಅದನ್ನು ಯೋಚಿಸಿರಲಿಲ್ಲ.

ಅತ್ತೆಯ ಎಡಗಣ್ಣಿಗೆ ಪೊರೆ ಬಂದು ಹಳೆಯದಾಗಿತ್ತು. ಈಗ ಬಲಗಣ್ಣೂ ಮಂಜಾಗತೊಡಗಿತ್ತು. ಒಳಗೆ ಒತ್ತಡ ಏರುತ್ತಿದೆ, ಈ ತಿಂಗಳು ದಾಟಿಸಿದರೆ ಮತ್ತೆ ಬೆಳಕು ಬಾರದು ಎಂದಿದ್ದರು ಕಣ್ಣಿನ ಡಾಕ್ಟರು. ಶಸ್ತ್ರಕ್ರಿಯೆಯ ದಿನ ಬೆಳಿಗ್ಗೆ ಸೊಸೆ ರಜೆ ಹಾಕಿ ಅತ್ತೆಯನ್ನು ಕರೆದುಕೊಂಡು ಹೋದಳು. ಅತ್ತೆ ಕಂಬದ ಮುಂದೆ ನಿಂತು ಹೆಸರು ಹೇಳಿದಳು.

ಕಂಬ ಬಲು ಅಕ್ಕರೆಯಿಂದ ಹೇಳಿತು: “ನೀವು ಈಗ ಈ ದೇಶದಲ್ಲಿಲ್ಲ. ನಿಮ್ಮ ಪ್ರಯಾಣ ಸುಖಕರವಾಗಿರಲಿ.”

“ಏನಂತೆ?” ಅಂದಳು ಅತ್ತೆ.

“ನೀವು ಪರದೇಶದಲ್ಲಿದೀರಂತೆ ಅತ್ತೆ.”

“ಚಪ್ಪಲಿ ಕೂಡ ಬದಲಾಯಿಸಿಲ್ವಲ್ಲೇ!”

ಸೊಸೆ ಕಿಂಡಿಯ ಗುಮಾಸ್ತೆಯ ಬಳಿ ಓಡಿದಳು. ಗುಮಾಸ್ತೆ ಪರದೆಯನ್ನು ನೋಡಿದಳೇ ಹೊರತು ಎದುರು ನಿಂತ ಮುದುಕಿಯನ್ನು ನೋಡಲಿಲ್ಲ. “ಅವರು ದಿನಾ ಹೊರದೇಶದಿಂದ ಮಾತಾಡ್ತಿದಾರಲ್ಲಮ್ಮಾ. ಇಲ್ಲಿಂದ ಮಾತಾಡಿದ್ದು ಯಾವ ಕಾಲಕ್ಕೋ ಒಂದ್ಸಲ. ಎರಡರಲ್ಲಿ ಯಾವುದು ನಿಜ ಅಂತ ಮಶೀನಿಗೆ ಗೊತ್ತಾಗಲ್ವಾ?”

“ಇಲ್ಲೇ ನಿಂತಿದಾರೆ, ನೋಡಿ!”

“ಅವರು ವಾಪಸ್ ಬಂದ್ಮೇಲೆ ಕರ್ಕೊಂಡು ಬನ್ನಿ.” ಹೇಳುತ್ತ ಗುಮಾಸ್ತೆ ಕತ್ತೆತ್ತಿದಳು. ಅವಳ ಕಣ್ಣು ಅತ್ತೆಯ ಮುಖದ ಮೇಲೆ ಬಂತು. ಕಿಟಕಿಯಾಚೆ ನೋಡುವವರ ಹಾಗೆ ಅಲ್ಲಿಂದ ಆಚೆಗೆ ಹಾದುಹೋಯಿತು.

ಎರಡರಲ್ಲಿ ಇನ್ನೊಂದು ದನಿ ಯಾರದೆಂದು ಸೊಸೆಗೆ ಗೊತ್ತಿತ್ತು.

ಆಮೇಲೆ ಬಸ್ಸಿನ ಬಾಗಿಲೂ ಅತ್ತೆಗೆ ತೆರೆಯಲಿಲ್ಲ. ನಡೆದೇ ಬಂದರು. ಮನೆಯ ಎದುರು ಪಕ್ಕದ ಮನೆಯಾಕೆ ಬಟ್ಟೆ ಹರವುತ್ತಿದ್ದಳು. “ನಿಮ್ಮತ್ತೆ ಊರು ಬಿಟ್ರಂತೆ? ಫೋನಿಗೆ ಸಂದೇಶ ಬಂತು. ಹೇಳದೆ ಕೇಳದೆ ಹೊರಟುಬಿಡೋದಾ?” ಅಂದಳು. ಅತ್ತೆ ಸೊಸೆಯ ಭುಜ ಹಿಡಿದು ಅಲ್ಲೇ ನಿಂತಿದ್ದಳು. “ಇಲ್ಲೇ ಇದೀನಲ್ಲೇ” ಅಂದಳು ಅತ್ತೆ. ಪಕ್ಕದ ಮನೆಯಾಕೆ, ಯಾರೋ ಕರೆದ ಹಾಗಾಯಿತಲ್ಲ ಎಂಬಂತೆ ಮಹಡಿಯ ಕಡೆ ನೋಡಿ, ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸೊಸೆ ಮನೆಯೊಳಗೆ ಬಂದವಳೇ ಅತ್ತೆಯ ಕಾಲಬುಡದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಕೇಳಿಸಿಕೊಂಡಳು. ಬೈಯಲಿಲ್ಲ. “ಕೆಮ್ಮೂ ಹಾಗೇ ಬರುತ್ತಾ ನಿಂಗೆ? ಎಲ್ಲಿ, ಕೆಮ್ಮು ನೋಡೋಣ” ಅಂದಳು. ಸೊಸೆ ಅಳುತ್ತಲೇ ಕೆಮ್ಮಿದಳು. ಅತ್ತೆ ತಲೆಯಾಡಿಸಿದಳು. “ಸೊಗಸಾಗಿದೆ. ನಾಳೆ ಹೋಗಿ ಆ ಮುದುಕೀನ ಮನೆಗೆ ಕಳಿಸಿ ಬಾ.”

ಮರುದಿನ ಅಜ್ಜಿಯ ದೂರನ್ನು ಮುಗಿಸಿಬಿಡುತ್ತೇನೆ ಎಂದು ಸೊಸೆ ಕೇಳಿಕೊಂಡರೆ, ಸರಿಸರಿ ಮೊದಲ ಸಲ ಸರಿ ಅನ್ನಲಿಲ್ಲ. ನೆರೆದೇಶಗಳ ನಿಯೋಗ ಬರುವುದೆಂದು ಗೊತ್ತಾಗಿತ್ತು. ಅವರ ಮುಂದೆ ಕೇಳಿಸಲು ಆರಿಸಿದ್ದೇ ಪರದೇಶದ ಅಜ್ಜಿಯ ಕರೆ. “ನಿಯೋಗ ಬಂದು ಹೋಗಲಿ, ಆಮೇಲೆ ಮುಗಿಸಿ.”

“ಅಷ್ಟರಲ್ಲಿ ನಮ್ಮತ್ತೆ ಕಣ್ಣು ಹೋಗುತ್ತೆ ಸಾರ್.”

“ದೇಶದ ಭವಿಷ್ಯದ ಮಾತಮ್ಮ ಇದು” ಎಂದ ಅವನು. ಮೆತ್ತಗೇ ಹೇಳಿದ. ಅವನ ಕಣ್ಣೂ ಕೆಂಪಗಿತ್ತು, ನಿದ್ದೆ ಇಲ್ಲದವನ ಹಾಗೆ.

ಅವನು ಆಚೆ ಹೋದದ್ದೇ ಸೊಸೆ ಹೆಡ್‌ಫೋನು ಹಾಕಿಕೊಂಡಳು. ‘ನನ್ನ ದೂರು ತೀರಿತು ಮಗಾ, ನಾನು ನಿಮ್ಮ ದೇಶಕ್ಕೇ ಬಂದುಬಿಟ್ಟೆ’ ಎಂದು ಅಜ್ಜಿಯ ದನಿಯಲ್ಲಿ ಹೇಳಿಬಿಡುವುದು, ಅಷ್ಟೇ ಕೆಲಸ. ಗುಂಡಿ ಒತ್ತಿದಳು. ‘ಲೈನು ಖಾಲಿ ಇಲ್ಲ’ ಎಂದಿತು ಪರದೆ. ‘ಈ ಕಕ್ಷಿ ಈಗ ಮಾತಿನಲ್ಲಿದ್ದಾರೆ.’

ತನ್ನ ಮೇಜಿನಿಂದ ಹೋಗಬೇಕಾದ ಕರೆ. ತಾನು ಬಾಯಿ ತೆರೆದಿಲ್ಲ. ಕೇಳುವ ಗುಂಡಿ ಒತ್ತಿದಳು.

“…ಹೊರಗೇ ನಿಂತಿದೀನಿ ಮಗಾ. ನಿನ್ನೆ ಯಾರೂ ಬರ್ಲಿಲ್ಲ, ನಾನೇ ಮಾತಾಡ್ದೆ. ಕೇಳ್ತಾ ಇದೀಯಾ?” ಒಣಕೆಮ್ಮು. ಉಸಿರು. ಆಮೇಲೆ ಅದೇ ದನಿ, ತುಸು ತಗ್ಗಿ: “ನನ್ನ ಸೊಸೆ ಈಗ ಕೇಳಿಸ್ಕೋತಿದಾಳೆ.”

ಸೊಸೆ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆಸೆದಳು. ಅತ್ತಿತ್ತ ನೋಡಿದರೆ ಎಡಸಾಲಿನಲ್ಲಿ ಯಾರೊಬ್ಬರ ತುಟಿಯೂ ಅಲುಗುತ್ತಿರಲಿಲ್ಲ. ಎಲ್ಲರೂ ಕಿವಿಗೆ ಹೆಡ್‌ಫೋನಿನ ಸ್ಪಂಜು ಒತ್ತಿಕೊಂಡು, ಶಾಲು ಹೊದ್ದು, ತಾವು ತಂದ ದನಿ ತಾನಾಗಿ ಮಾತಾಡುವುದನ್ನು ಕೇಳುತ್ತ ಕೂತಿದ್ದರು. ಅಣ್ಣನ ತೊದಲು ತಂದವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಮಸುಕು ಗಾಜಿನಾಚೆ ಬಲಸಾಲಿನಿಂದ ಉತ್ತರಗಳ ಗುಜುಗುಜು ಎಡೆಬಿಡದೆ ಬರುತ್ತಿತ್ತು.

ಮನೆಗೆ ಬಂದು ಹೇಳಿದಾಗ ಗಂಡನಿಗೂ ನಗು ಬರಲಿಲ್ಲ. ಅತ್ತೆ ಮಾತ್ರ ಎದ್ದು ಸೀರೆ ಸರಿಮಾಡಿಕೊಂಡಳು. “ನೀನು ಹುಟ್ಟಿಸ್ದೆ, ಆದ್ರೆ ಅದು ನಿನ್ನ ಮಾತು ಕೇಳೋ ಹಾಗಿಲ್ಲ. ನನ್ನ ಮಾತು ಕೇಳುತ್ತಾ ನೋಡೋಣ ನಡಿ.”

“ಅಲ್ಲಿ ಬಾಗಿಲು ತೆರೆಯಲ್ಲ ಅತ್ತೆ. ಯಾವ ಬಾಗಿಲೂ ತೆರೀತಿಲ್ವಲ್ಲ.”

“ನಡಿ ನೀನು.”

ಗಂಡ ರಿಪೇರಿಗೆ ಬಂದಿದ್ದ ಬಸ್ಸಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೋಗಿ ಗಾಜಿನ ಕಟ್ಟಡದ ಮುಂದೆ ಇಳಿಸಿದ. ಅತ್ತೆ ಕಂಬದ ಮುಂದೆ ಹೆಸರು ಹೇಳಿದಳು. “ನೆರೆದೇಶದ ಗೌರವಾನ್ವಿತ ಕಕ್ಷಿಗೆ ನಡುಮನೆಯ ಹಾರ್ದಿಕ ಸ್ವಾಗತ” ಎಂದಿತು ಕಂಬ. ಎರಡು ಬಾಗಿಲೂ ಹಾರುಹೊಡೆದವು. ಇಡೀ ದೇಶದಲ್ಲಿ ಅವಳಿಗೆ ತೆರೆದದ್ದು ಅದೊಂದೇ ಬಾಗಿಲು. ಒಳಗೆ ಬಂದ ಮೊದಲ ಪರದೇಶದವಳೂ ಅವಳೇ. ಕಾವಲಿನವನು ಎದ್ದು ನಿಂತು ಸಲಾಮು ಹೊಡೆದ.

ಸೊಸೆ ತನ್ನ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿ ಹೆಡ್‌ಫೋನು ತೊಡಿಸಿದಳು. ತಾನು ಪಕ್ಕದ ಮೇಜಿನದನ್ನು ಎಳೆದು ಒಂದು ಕಿವಿಗಿಟ್ಟುಕೊಂಡಳು. ಮೊದಲು ಅತ್ತೆಯ ಕೆಮ್ಮೂ ಆಚೆಯ ದನಿಯ ಕೆಮ್ಮೂ ಒಂದೇ ಸಲ ಕೇಳಿಸಿದವು.

“ಯಾರಮ್ಮಾ ನೀನು?” ಅಂದಳು ಅತ್ತೆ.

“ಹೊರಗೆ ನಿಂತಿದೀನಿ.”

“ಅದು ಕೇಳಿದೀನಿ. ಎಷ್ಟು ಹೊತ್ತು ಅಂತ ನಿಲ್ತೀಯ? ಕಾಲು ನೋಯಲ್ವಾ?”

“ಕಾಲು ಕೊಟ್ಟಿಲ್ಲ ನಂಗೆ.”

ಅತ್ತೆಯ ಬೆರಳು ಮೇಜಿನ ಅಂಚನ್ನು ಸವರುತ್ತಿತ್ತು, ಮಗುವಿನ ತಲೆ ಸವರಿದ ಹಾಗೆ. “ಬೆಳಗಾದ್ರೆ ಏನ್ಮಾಡ್ತೀಯ?”

“ಫೋನ್ ಮಾಡ್ತೀನಿ.”

“ದೇವರ ನೆನಪು ಮಾಡ್ಕೊಳ್ಳಲ್ವಾ?”

“ಅದನ್ನ ಯಾರೂ ಹೇಳಿಕೊಟ್ಟಿಲ್ಲ.” ದನಿ ಹತ್ತಿರ ಬಂತು. “ನನ್ನ ಮುಗಿಸೋಕೆ ಬಂದಿದೀಯಾ?”

ಹೂಂ ಅನ್ನಿ ಅತ್ತೆ, ತಡಮಾಡಬೇಡಿ ಎಂದು ಸೊಸೆ ಅವಳ ತೋಳು ಹಿಡಿದಳು. ಅತ್ತೆ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು.

“ಯಾರನ್ನಾದ್ರೂ ಮುಗಿಸೋದು ನನ್ನ ಕೆಲಸ ಅಲ್ಲಮ್ಮಾ. ಹೊರಗೆ ನಿಂತಿದೀನಿ ಅಂದ್ಯಲ್ಲ, ಒಳಗೆ ಬಾ ಅನ್ನೋಕೆ ಬಂದೆ. ಬಾ.”

ಮಸುಕು ಗಾಜಿನಾಚೆ ಬಲಸಾಲಿನ ಗುಜುಗುಜು ಆ ಗಳಿಗೆಗೆ ನಿಂತಿತು.

“ಬಂದೆ” ಅಂದಿತು ದನಿ.

ಪರದೆಯ ಮೇಲೆ ‘ಕಕ್ಷಿಗೆ ತೃಪ್ತಿಯಾಗಿದೆ. ದೂರು ಮುಗಿದಿದೆ’ ಎಂದು ಮೂಡಿ, ಅಳಿಸಿಹೋಯಿತು. ಸರಿಸರಿ ಓಡಿಬಂದು ತಲೆಯ ಮೇಲೆ ಕೈಹೊತ್ತು ಕೂತ. ಅತ್ತೆ ಹೆಡ್‌ಫೋನು ತೆಗೆದಿಟ್ಟು, “ಚಳಿ ಜಾಸ್ತಿ ಇಲ್ಲಿ, ಏಳು ಹೋಗೋಣ” ಅಂದಳು.

ಮರುದಿನ ಆಸ್ಪತ್ರೆಯ ಕಂಬ ಅವಳ ಹೆಸರು ಕೇಳಿ ತಡೆಯದೆ ಬಾಗಿಲು ತೆರೆಯಿತು. ಗುಮಾಸ್ತೆ ಅವಳ ಮುಖವನ್ನೇ ನೋಡಿ “ಪ್ರಯಾಣ ಹೇಗಿತ್ತು ಅಜ್ಜಿ?” ಅಂದಳು. ಶಸ್ತ್ರಕ್ರಿಯೆ ಆಯಿತು. ಕಣ್ಣು ಉಳಿಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ಸೊಸೆಯನ್ನು ನೋಡಿ, “ಅಯ್ಯೋ, ಇಷ್ಟು ಸೊರಗಿದೀಯೇನೇ!” ಎಂದು ಗಲ್ಲ ಸವರಿದಳು.

ನಿಯೋಗ ಬರಲಿಲ್ಲ. ಹಾಕಿಟ್ಟ ಕುರ್ಚಿಗಳು ಸಂಜೆಯವರೆಗೂ ಹಾಗೇ ಇದ್ದವು. ವಿಚಾರಿಸಿದಾಗ, ನಾವು ಬರುತ್ತೇವೆ ಎಂದು ಒಪ್ಪಿಗೆ ಕೊಟ್ಟ ಕರೆಗಳೆಲ್ಲ ಗಡಿಯಾಚೆಯಿಂದ ಬಂದವಲ್ಲವೆಂದು ತಿಳಿಯಿತು. ಎಡಸಾಲಿನ ಖಾಲಿ ಮೇಜುಗಳಿಂದ ಬಂದಿದ್ದವು. ಪತ್ರಿಕೆಯಲ್ಲಿ ಮಾತ್ರ ನಿಯೋಗ ಬಂದು ಮೆಚ್ಚಿ ಹೋಯಿತೆಂದೇ ಬಂತು. ಸೊಸೆ ಆ ಕೆಲಸ ಬಿಟ್ಟು ಹೊಲಿಗೆ ಅಂಗಡಿಯೊಂದಕ್ಕೆ ಸೇರಿದಳು. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ.

ಈಗಲೂ ಅತ್ತೆ ಬೆಳಿಗ್ಗೆ ಎದ್ದು ಮುಖ ತೊಳೆದು ಕಿಟಕಿಯ ಬಳಿ ಕೂತು ಪ್ರಾರ್ಥನೆ ಹೇಳುತ್ತಾಳೆ. ಮೊದಲಾದರೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಈಗ ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ. ಅಷ್ಟೇ ಹೊತ್ತು ಸುಮ್ಮನಿರುತ್ತಾಳೆ. ಕಿವಿಗೊಟ್ಟವಳ ಹಾಗೆ ತಲೆಯಾಡಿಸಿ, ಆಮೇಲೆ ಮುಂದಿನ ಸಾಲು.

“ಯಾಕಮ್ಮಾ ಅಲ್ಲಲ್ಲಿ ನಿಲ್ಲಿಸ್ತೀಯ? ಮರೆತು ಹೋಗ್ತಿದೆಯಾ?” ಎಂದು ಒಂದು ದಿನ ಮಗ ಕೇಳಿದ.

“ನಂಗ್ಯಾಕೆ ಮರೆಯುತ್ತೋ? ಅವಳಿಗಿನ್ನೂ ಬಾಯಿಪಾಠ ಆಗಿಲ್ಲ. ನಿಧಾನಕ್ಕೆ ಹೇಳಿಕೊಡ್ತಿದೀನಿ” ಅಂದಳು ಅತ್ತೆ.